ಗುಡ್ಡ ಹತ್ತಿದ ಅಂಗಿ

ಅರಣ್ಯ ಕಚೇರಿಯ ಬೆಂಚಿನ ಮೇಲೆ ಎರಡು ಗಂಟೆ ಕಾದು ನನಗೆ ತಲೆ ಕೆಟ್ಟಿತ್ತು. ಪಕ್ಕದಲ್ಲಿ ಇಬ್ಬರು ಹೆಂಗಸರು ಬಂದು ಕೂತರು. ಕಿರಿಯವಳ ಕೈಯಲ್ಲಿ ಈಗಷ್ಟೇ ಮೊಹರು ಬಿದ್ದ ಕಾಗದ.

"ಇನ್ನೊಂದ್ಸಲ ಓದೇ."

"ಎಷ್ಟು ಸಲ ಓದ್ಲಿ ಅತ್ತಿಗೆ? ನಮ್ಮ ಗುಡ್ಡ ಬೋಳಲ್ಲ, ಕಾಡು. ನೀಲಗಿರಿ ನೆಡೋದು ರದ್ದು. ಇನ್ಮೇಲೆ ನೋಡ್ಕೊಳ್ಳೋದು ನಮ್ಮೂರ ಸಮಿತಿ."

"ಬೋಳು ಅಂತ ಬರೆದಿದ್ದ ಸಾಹೇಬ ಏನಂದ?"

"ಏನಂತಾನೆ? ಮೇಲೆ ಹತ್ತಿಸಿ ಅವನ ಕೈಲೇ ಮರ ಎಣಿಕೆ ಮಾಡಿಸಿದ್ವಲ್ಲ. ಎಣಿಸಿದ್ದನ್ನೇ ಎಣಿಸಿದ್ರಿ ಅನ್ನಬಾರದು ಅಂತ ಮರಮರಕ್ಕೂ ಬಟ್ಟೆ ಚೂರು ಕಟ್ಟಿದ್ವಿ. ಆರುನೂರಕ್ಕೆ ಸುಸ್ತಾಗಿ ಕೂತ್ಬಿಟ್ಟ."

"ಕೊನೇ ನಲವತ್ತು ಚೂರು ನಿಮ್ಮಣ್ಣನ ಬಿಳಿ ಅಂಗಿ."

"ಅಯ್ಯೋ, ಅಣ್ಣಂಗೆ ಗೊತ್ತಾ?"

"ಇನ್ನೂ ಹುಡುಕ್ತಾ ಇದಾರೆ. ಗುಡ್ಡ ನಮ್ಮ ಕೈಗೆ ಬಂತಲ್ಲ, ಅಲ್ಲೇ ಹೋಗಿ ನೋಡ್ಕೊಳ್ಳಲಿ."

ಇಬ್ಬರೂ ನಗುತ್ತಾ ಬಸ್ಸಿಗೆ ಹೊರಟರು.