ಏಳಬೇಡ, ಕೂತಿರು

ರಾತ್ರಿ ಹನ್ನೊಂದು ದಾಟಿತ್ತು. ನನ್ನ ದೊಡ್ಡಪ್ಪನ ಮಗ, ಅಣ್ಣ, ತನ್ನ ಫೋಟೋ ಅಂಗಡಿಗೆ ಬೀಗ ಜಡಿದು ಮನೆ ಕಡೆ ಹೊರಟ. ದಾರಿಯಲ್ಲಿ ಒಂದು ಬಾವಿ. ಅದರ ಹತ್ತಿರ ಬಂದಾಗ ಸದ್ದು ಕೇಳಿಸಿತು.

ಚರಕ್... ಚರಕ್... ಚರಕ್...

ರಾಟೆಯಲ್ಲ. ರಾಟೆ ಕಿರ್ ಅನ್ನುತ್ತದೆ. ಇದು ಗಾಜಿನ ಮೇಲೆ ಮರಳು ಉಜ್ಜುವ ಸದ್ದು.

"ಯಾರದು?"

"ನಾನೇ... ಭಾವ."

ಭಾಮೈದ. ಹೆಂಡತಿಯ ತಮ್ಮ. ಅಂಗಡಿಯಲ್ಲಿ ಗಾಜು ತೊಳೆದು ಒಣಗಿಸುವ ಕೆಲಸ ಅವನದು.

"ಈ ಹೊತ್ನಲ್ಲಿ ಏನು ಉಜ್ತಿದೀಯ?"

"ಹಳೇ ಗಾಜು."

"ಯಾಕೆ, ಹಗಲು ಸತ್ತುಹೋಗಿತ್ತಾ?"

ಅವನು ಗಾಜನ್ನು ಬೆನ್ನ ಹಿಂದೆ ಸರಿಸಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆಗ ನಮ್ಮೂರಿಗೆ ಇನ್ನೂ ರೀಲು ಬಂದಿರಲಿಲ್ಲ. ಫೋಟೋ ಬೀಳುತ್ತಿದ್ದದ್ದು ಮದ್ದು ಬಳಿದ ಗಾಜಿನ ಮೇಲೆ. ಕ್ಯಾಮೆರಾ ಅಂದರೆ ಮೂರು ಕಾಲಿನ ಮೇಲೆ ಒಂದು ಮರದ ಪೆಟ್ಟಿಗೆ. ಹಿಂದೆ ಕರಿ ಬಟ್ಟೆ. ಅದರೊಳಗೆ ತಲೆ ತೂರಿಸಿ ನೋಡಬೇಕು. ಅದಕ್ಕೇ ಅಣ್ಣನಿಗೆ ಎಲ್ಲರೂ ಮುಸುಕಪ್ಪ ಅಂತಿದ್ದರು. "ಬೇರೆಯವರು ಮಾನ ಉಳಿಸ್ಕೊಳ್ಳೋಕೆ ಮುಸುಕು ಹಾಕ್ತಾರೆ, ಇವನು ಹೊಟ್ಟೆಪಾಡಿಗೆ ಹಾಕ್ತಾನೆ" ಅಂತ ಅತ್ತಿಗೆಯೇ ನಗುತ್ತಿದ್ದಳು.

ಅತ್ತಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಜ್ವರ. ಮೂರೇ ದಿನ.

ಅವಳದ್ದು ಒಂದು ಫೋಟೋವೂ ಇರಲಿಲ್ಲ. ಫೋಟೋದವನ ಹೆಂಡತಿ, ಒಂದೂ ಇಲ್ಲ. ಗಿರಾಕಿ ಬಂದು ತಲೆ ಬಾಚಿಕೊಳ್ಳುವಷ್ಟರಲ್ಲಿ ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಅಣ್ಣ ಬೆಳಕು ಸರಿ ಮಾಡುತ್ತಿದ್ದ. ಬಟ್ಟೆಯೊಳಗಿನ ಮಸುಕು ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅವಳೂ ಹಾಗೇ ಕಾಣುತ್ತಿದ್ದಳು. ಅಣ್ಣ ಫೋಟೋದ ಗಾಜು ಹಾಕುವ ಹೊತ್ತಿಗೆ ಎದ್ದುಬಿಡುತ್ತಿದ್ದಳು.

"ನನ್ನನ್ನೂ ಒಂದ್ಸಲ ಹಿಡೀರಿ" ಅಂದರೆ, "ನೀನೆಲ್ಲಿಗೆ ಓಡಿ ಹೋಗ್ತೀಯ" ಅನ್ನುತ್ತಿದ್ದ.

ಈಗ ಕಣ್ಣು ಮುಚ್ಚಿದರೆ ಮುಖ ತಲೆಕೆಳಗಾಗಿಯೇ ಬರುತ್ತಿತ್ತು. ನೆಟ್ಟಗೆ ಮಾಡಲು ಹೋದರೆ ಅಳಿಸಿಹೋಗುತ್ತಿತ್ತು. ದಿನಕ್ಕಿಷ್ಟು ಮರೆಯುತ್ತಿದ್ದ. ಇನ್ನು ನಾಲ್ಕು ತಿಂಗಳು ಕಳೆದರೆ ಏನೂ ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಅಣ್ಣ ಆ ಗಾಜು ಕಿತ್ತುಕೊಂಡ. ಲಾಟೀನಿಗೆ ಹಿಡಿದ. ಮಧ್ಯಾಹ್ನ ಬಂದಿದ್ದ ದರ್ಜಿಯ ಫೋಟೋ. ಅರ್ಧ ಉಜ್ಜಿಹೋಗಿತ್ತು. ಉಳಿದರ್ಧದಲ್ಲಿ... ದರ್ಜಿಯ ಮೈಯೊಳಗಿಂದ ಒಂದು ನೆರಳು ಏಳುತ್ತಿತ್ತು. ಹೆಂಗಸು. ಸೆರಗು, ಮೊಣಕೈ. ಅತ್ತಿಗೆಯದೇ.

"ಈ ವಾರ ಆರು ಗಾಜು ಒಡೀತು ಅಂದ್ಯಲ್ಲ... ಇದೇನಾ?"

"ಹೂಂ ಭಾವ. ಎಲ್ಲದರಲ್ಲೂ ಇತ್ತು. ನೀವು ನೋಡೋದು ಬೇಡ ಅಂತ..."

ಅಣ್ಣ ನಂಬಲಿಲ್ಲ. ಕಸುಬಿನವನು. ಹಳೇ ಗಾಜನ್ನು ಸರಿಯಾಗಿ ಉಜ್ಜದೆ ಮತ್ತೆ ಮದ್ದು ಬಳಿದರೆ ಹಳೇ ಚಿತ್ರ ಕೆಳಗಿನಿಂದ ಎದ್ದು ಬರುತ್ತದೆ. ಅಂದರೆ ಯಾರೋ ಅವಳ ಫೋಟೋ ಹಿಡಿದಿದ್ದಾರೆ. ಇವನೇ. ಕದ್ದು.

"ಅವಳ ಫೋಟೋ ಎಲ್ಲಿಟ್ಟಿದೀಯ?"

"ಅಕ್ಕನಾಣೆ ಇಲ್ಲ."

"ಸತ್ತವಳ ಮೇಲೆ ಆಣೆ ಇಡೋಕೆ ಏನು ಕಷ್ಟ? ನೀನು ಏನೋ ಮುಚ್ಚಿಡ್ತಿದೀಯ."

ಭಾಮೈದ ಬಾವಿಯೊಳಗೆ ನೋಡಿದ. "ಏನಿಲ್ಲ ಭಾವ."

ಆ ಏನಿಲ್ಲದಲ್ಲಿ ಏನೋ ಇತ್ತು.

ಮಾರನೇ ರಾತ್ರಿ ಅಣ್ಣ ಅಂಗಡಿಗೆ ಹೊಸ ಗಾಜಿನ ಡಬ್ಬಿ ತಂದ. ಕಾರ್ಖಾನೆಯಲ್ಲೇ ಮದ್ದು ಬಳಿದದ್ದು. ಕೆಂಪು ದೀಪದಲ್ಲಿ ಮೊಹರು ತಾನೇ ಒಡೆದ. ಯಾರೂ ಅದಲು ಬದಲು ಮಾಡದ ಹಾಗೆ ಒಂದು ಗಾಜಿನ ಮೂಲೆಯಲ್ಲಿ ಉಗುರಿನಿಂದ ಗುರುತು ಗೀರಿದ. ಭಾಮೈದನನ್ನು ಹೊರಗೆ ಹಾಕಿ ಒಳಗಿನಿಂದ ಚಿಲಕ ಹಾಕಿದ. ಎರಡು ಗ್ಯಾಸ್‌ದೀಪ ಹಚ್ಚಿದ. ಸುಂಯ್ ಅನ್ನುತ್ತಿದ್ದವು. ಖಾಲಿ ಕುರ್ಚಿಗೆ ಕ್ಯಾಮೆರಾ ತಿರುಗಿಸಿ ಮುಸುಕಿನೊಳಗೆ ಹೋದ.

ಮಸುಕು ಗಾಜಿನಲ್ಲಿ ಕುರ್ಚಿ ತಲೆಕೆಳಗಾಗಿತ್ತು. ಖಾಲಿ.

ಕಿರ್ರ್... ಅಂತು. ಕುರ್ಚಿಯ ಬೆತ್ತ. ಯಾರಾದರೂ ಕೂತರೆ ಬರುವ ಸದ್ದು.

ಅವಳಿದ್ದಳು. ತಲೆಕೆಳಗಾಗಿ. ಎಂದಿನ ಹಾಗೆ.

ಬಟ್ಟೆ ಎತ್ತಿ ನೋಡಿದ. ಕುರ್ಚಿ ಖಾಲಿ. ಮತ್ತೆ ಒಳಗೆ ಹೋದ. ಇದ್ದಳು.

ಈಗ ಗಾಜು ಹಾಕಬೇಕು. ಗಾಜು ಹಾಕಿದರೆ ಅವಳು ಏಳುತ್ತಾಳೆ. ಅದು ಅವಳಿಗೆ ರೂಢಿ... ಖಾಲಿ ಕುರ್ಚಿಗೆ ಪಿಸುಗುಟ್ಟಿದ.

"ಏಳಬೇಡ ಕಣೇ. ಇದು ನಿನಗೇ. ಕೂತಿರು."

ಕ್ಯಾಮೆರಾ ಕಣ್ಣಿಗೆ ಮುಚ್ಚಳ ಹಾಕಿ ಗಾಜು ತೂರಿಸಿದ. ಟಕ್. ಮುಚ್ಚಳ ತೆಗೆದ. ಪಳಕ್. ದೀಪದ ಬೆಳಕಿಗೆ ನೂರು ಎಣಿಸಬೇಕು. ಒಂದು... ಎರಡು... ನಲವತ್ತರ ಹತ್ತಿರ ಬಾಗಿಲಾಚೆ ಭಾಮೈದ ಬಿಕ್ಕಿದ್ದು ಕೇಳಿಸಿತು. ಎಣಿಕೆ ಬಿಡಲಿಲ್ಲ. ನೂರು. ಮುಚ್ಚಳ ಹಾಕಿದ.

ಕತ್ತಲೆ ಕೋಣೆಯಲ್ಲಿ ಮದ್ದಿಗೆ ಇಳಿಸಿದ. ನಿಧಾನಕ್ಕೆ ಬಂತು. ಕುರ್ಚಿ. ಸೆರಗಿನ ಮಡಿಕೆ. ಮಡಿಲಲ್ಲಿ ಎರಡು ಕೈ. ಎಲ್ಲೂ ಅಲುಗಿಲ್ಲ. ಆದರೆ ಆ ಗಾಜಿನಲ್ಲಿ ಕಪ್ಪು ಬಿಳಿ ಅದಲು ಬದಲು. ಮುಖ ಇದ್ದಿಲಿನ ಹಾಗೆ. ಒಣಗಬೇಕು, ಬೆಳಗ್ಗೆ ಕಾಗದಕ್ಕೆ ಇಳಿಸಬೇಕು, ಆಗಲೇ ಮುಖ.

ಒದ್ದೆ ಗಾಜನ್ನು ಅಂಚಿನಲ್ಲೇ ಹಿಡಿಯಬೇಕು. ಮೇಲೆ ಬೆರಳು ತಗಲಿದರೆ ಅಚ್ಚು ಬಿದ್ದುಬಿಡುತ್ತದೆ. ಅಣ್ಣ ಅಂಚು ಹಿಡಿದೇ ಒಣಗಲು ಇಟ್ಟ. ಕೋಣೆಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಭಾಮೈದ ಹೊರಗೆ ಜಗುಲಿಯ ಮೇಲೆ. ಅವನ ಕೆಮ್ಮು ಬೆಳಗಿನವರೆಗೂ ಅಲ್ಲಿಂದಲೇ ಕೇಳುತ್ತಿತ್ತು. ಕಣ್ಣೆವೆ ಮುಚ್ಚಲಿಲ್ಲ ಅಣ್ಣ.

ಬೆಳಗ್ಗೆ ಕಾಗದಕ್ಕೆ ಇಳಿಸಿದ.

ಸೀರೆ ಇತ್ತು. ಕೈ ಇತ್ತು. ಹಣೆ ಇತ್ತು, ಗದ್ದ ಇತ್ತು. ನಡುವೆ ಒಂದು ಬೆರಳಚ್ಚು. ಸರಿಯಾಗಿ ಕಣ್ಣು ಮೂಗಿನ ಮೇಲೆ.

"ನೀನೇ ಕಣೋ! ಹೆಂಗೆ ನುಗ್ಗಿದೆ ಒಳಗೆ?" ಅಂತ ಭಾಮೈದನ ಕತ್ತಿನ ಪಟ್ಟಿ ಹಿಡಿದ. ಅವನ ಕೈ ಎಳೆದು ಗಾಜಿನ ಪಕ್ಕಕ್ಕಿಟ್ಟ.

ಹೊಂದಲಿಲ್ಲ. ಹತ್ತಿರವೂ ಇಲ್ಲ. ಅಚ್ಚು ಒಂದು ಕಡಲೆಕಾಳಿನಷ್ಟಿತ್ತು. ಗೆರೆ ಸಮೇತ.

ಭಾಮೈದ ಆ ಅಚ್ಚನ್ನೇ ನೋಡಿದ.

"ಅಕ್ಕನಿಗೆ ಮೂರು ತಿಂಗಳಾಗಿತ್ತು ಭಾವ. ನಾನೇ ಹೇಳ್ತೀನಿ ಸುಮ್ನಿರು ಅಂದಿದ್ಳು. ಅಷ್ಟರಲ್ಲಿ ಜ್ವರ ಬಂತು... ಆಮೇಲೆ ನನಗೆ ಬಾಯೇ ಬರಲಿಲ್ಲ."

ಅಣ್ಣ ಕತ್ತಿನ ಪಟ್ಟಿ ಬಿಟ್ಟ.

ಸುಳ್ಳು ಅಂದರೆ ಅನ್ನಿ. ನನಗೇನೂ ಆಗಬೇಕಾದ್ದಿಲ್ಲ. ಆ ಗಾಜು ಇವತ್ತಿಗೂ ಅಣ್ಣನ ಪೆಟ್ಟಿಗೆಯಲ್ಲಿದೆ. ಮೊದಲ ವರ್ಷ ನಾನು ನೋಡಿದಾಗ ಹಣೆ, ಗದ್ದ ಚೆನ್ನಾಗಿ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಆಯಿತು. ಹೋದ ತಿಂಗಳು ಮತ್ತೆ ನೋಡಿದೆ. ಅಚ್ಚಿನ ಪಕ್ಕ ನನ್ನ ಹೆಬ್ಬೆರಳು ಇಟ್ಟೆ.

ಈಗ ಎರಡೂ ಒಂದೇ ಅಳತೆ. ಗದ್ದ ಮುಚ್ಚಿಹೋಗಿದೆ.