ಲಗ್ನಪತ್ರಿಕೆಯ ಸೋದರಮಾವ

ಮೇಲಿಂದೆಲ್ಲ ಓದ್ಬ್ಯಾಡಿ ಮಂಚಯ್ಯನೋರೆ, ಕೆಳಗಡೆ ನೋಡಿ, ಕೆಳಗಡೆ! ‘ತಮ್ಮ ಸುಖಾಗಮನ ಬಯಸುವವರು’ ಅಂತ ಬರ್ದದೆ ನೋಡಿ... ಅದ್ರಲ್ಲಿ ಮೂರನೇ ಎಸ್ರು. ‘ಹೊನ್ನಪ್ಪ, ಡೈರಿ ಸೆಕ್ರೆಟರಿ, ಕಿರಂಗೂರು. ವಧುವಿನ ಸೋದರಮಾವ.’ ನಾನೇ! ನಾನೇ ಅದು... ಯಾಕಂಗೆ ನೋಡ್ತೀರಿ?

ಗೊತ್ತು. ನಿಂತೋದ ಮದ್ವೆ ಪತ್ರಿಕೆ ತಂದು ಹೆತ್ತಪ್ಪನ ಕೈಗೇ ಕೊಡ್ತಾವ್ನಲ್ಲ, ಇವ್ನಿಗೆ ಮಾನ ಮರ್ವಾದೆ ಅದಾ ಅಂತ ತಾನೇ? ಇತ್ತು ಕಣ್ರೀ. ಹದಿನಾಲ್ಕು ದಿನದ ಹಿಂದ್ಗಂಟ ಇತ್ತು. ನಿಮ್ಮ ಹೇಮಶ್ರೀನ ಈ ಬೂಕನಕೆರೆಯಿಂದ ಪಾಂಡವಪುರದ ಛತ್ರಕ್ಕೆ ಕರ್ಕೊಂಡು ಓಯ್ತಿದ್ದ ನನ್ನ ಕಾರು ಚಿನಕುರಳಿ ತಾವ ಹುಣಸೆಮರಕ್ಕೆ ಓಗಿ ಗುದ್ಕೊಂಡ ಗಳಿಗೆ ಗಂಟ ಇತ್ತು. ಆಮೇಕೆ ಎಲ್ಲಿ ಮಾನ, ಎಲ್ಲಿ ಮರ್ವಾದೆ... ಕುಂತ್ಕೊಳ್ಲಾ? ಈ ವೈರ್ ಬ್ಯಾಗ್ನ ಒಸಿ ಆಚೆ ಕಡೆಗೆ ಸರಿಸ್ತೀನಿ... ಬ್ಯಾಡ್ವಾ? ಸರಿ ಸರಿ, ಮುಟ್ಟಾಕಿಲ್ಲ, ಇಲ್ಲೇ ಮೆಟ್ಲ ಮೇಲೆ ಕುಂತ್ಕೋತೀನಿ. ಯಾರೋ ನೆಂಟ್ರು ಬಂದಂಗದೆ ಮಗಳ್ನ ನೋಡಕ್ಕೆ. ಬರ್ಲಿ ಬರ್ಲಿ. ಇಂತಾ ಹೊತ್ನಲ್ಲಿ ನಾಕು ಜನ ಬರ್ಬೇಕು.

ಪತ್ರಿಕೆ ಎಲ್ಲಿ ಮಾಡ್ಸ್ದೆ ಅಂತೀರಾ? ನೀವು ಮಾಡ್ಸಿದ್ರಲ್ಲ, ಅದೇ ಪ್ರೆಸ್ಸಲ್ಲಿ! ಜೋಡಿಸಿದ್ದ ಅಚ್ಚಿನ ಮೊಳೆ ಇನ್ನೂ ಬಿಚ್ಚಿರ್ನಿಲ್ಲ ಆವಯ್ಯ, ದಾರ ಕಟ್ಟಿ ಅಂಗೇ ಮಡಗಿದ್ದ. ಒಂದು ಸಾಲು ಸೇರಿಸ್ಕೊಡಪ್ಪ ಅಂದೆ. ‘ನಿಂತೋದ ಮದ್ವೆಗೂ ಪತ್ರಿಕೇನಾ ಸ್ವಾಮಿ?’ ಅಂತ ನಕ್ಬುಟ್ಟ. ನಗ್ಲಿ. ಇಪ್ಪತ್ತೈದೇ ಹಾಕ್ಸಿವ್ನಿ. ಮೂಲೆಗೆ ಅರಿಶಿಣ ನಾನೇ ಬಳ್ದೆ ಕಣ್ರೀ, ನಿಜವಾಗ್ಲೂ ಹಂಚಿದ್ದು ಅನ್ನಂಗೆ ಕಾಣ್ಲಿ ಅಂತ. ನಮ್ಮನೇಲಿ ಸೂತಕ ಕಳ್ದು ಮೂರು ದಿನ ಆಗಿರ್ನಿಲ್ಲ, ಕೋಣೆ ಬಾಗ್ಲು ಆಕ್ಕೊಂಡು ಕುಂತು ಪತ್ರಿಕೆಗೆ ಅರಿಶಿಣ ಬಳೀತಾ ಇದ್ದೆ ನಾನು!

ಇರೋ ಸಂಗ್ತಿ ಯೋಳ್ಬುಡ್ತೀನಿ. ಸೋಮವಾರ ಇನ್ಸೂರೆನ್ಸ್ ಕಡೆಯೋನು ನಿಮ್ಮನೆ ಬಾಗ್ಲಿಗೆ ಬತ್ತಾನೆ. ಅವ್ನು ಕೇಳೋದು ಒಂದೇ ಮಾತು. ಹೊನ್ನಪ್ಪನ ಕಾರಲ್ಲಿ ನಿಮ್ಮ ಮಗಳು ಯಾಕೆ ಕುಂತಿದ್ಲು? ಬಾಡಿಗೆಗೆ ತಗೊಂಡಿದ್ವಿ ಅಂದ್ರೋ... ಮುಗೀತು! ಸ್ವಂತಕ್ಕೆ ಅಂತ ಇನ್ಸೂರೆನ್ಸ್ ಕಟ್ಟವ್ನೆ, ಬಾಡಿಗೆಗೆ ಓಡ್ಸವ್ನೆ, ಟ್ಯಾಕ್ಸಿ ಪರ್ಮಿಟ್ಟು ಇಲ್ಲ, ಒಂದು ಕಾಸೂ ಇಲ್ಲ ಅಂತ ಫೈಲು ಮುಚ್ಕೊಂಡು ಓಯ್ತಾನೆ. ಓದ್ರೆ ನಿಮ್ಮ ಮಗಳ ಕಾಲಿಗೆ ಇನ್ನೊಂದು ಆಪರೇಸನ್ನು ಯಾರು ಮಾಡಿಸ್ಬೇಕು? ನನ್ನ ಮೇಲೆ ಕೇಸು ಆಕ್ತೀರಿ. ಆಕಿ, ಬ್ಯಾಡ ಅನ್ನಾಕಿಲ್ಲ. ಸಿಗೋದೇನು? ಇಪ್ಪತ್ತು ಗುಂಟೆ ಗದ್ದೆ. ಅದ್ರಲ್ಲೂ ಅರ್ಧ ನಮ್ಮಕ್ಕಂದು.

ಅದೇ ಸೋದರಮಾವ ಅಂದ್ರೆ? ಬಾಯಿ ಮುಚ್ಕೊಂಡು ಬರ್ಕೋಬೇಕು ಅವ್ನು! ಮದುವಣಗಿತ್ತೀನ ಸೋದರಮಾವ ಕರ್ಕೊಂಡು ಓಗ್ದೆ ಇನ್ಯಾರು ಕರ್ಕೊಂಡು ಓಯ್ತಾರೆ? ಬಾಡಿಗೆ ಮಾತೆಲ್ಲಿ ಬಂತು? ನಿಮ್ಮ ಮನೆಯೋರು ದೊಡ್ಡತಾಯಮ್ಮೋರಿಗೆ ಅಣ್ಣತಮ್ಮಂದಿರು ಇಲ್ವಂತಲ್ಲ, ವಿಚಾರಿಸ್ಕೊಂಡೇ ಬಂದೆ. ಆ ಜಾಗ ಖಾಲಿ ಅದೆ. ನಾನು ಕುಂತ್ಕೊಂಡ್ರೆ ಯಾರಿಗೂ ನಷ್ಟ ಇಲ್ಲ... ಇವತ್ತಿಂದ ನಿಮ್ಮನ್ನ ಬಾವ ಅಂತ್ಲೇ ಕರೆದು ರೂಢಿ ಮಾಡ್ಕೋತೀನಿ. ಅವ್ನ ಮುಂದೆ ತೊದಲಬಾರ್ದು ನೋಡಿ. ಬಾವಾ...

ಯಾಕೆ, ಅಡಿಕೆ ಕತ್ತರಿಸೋದು ನಿಲ್ಸ್ಬುಟ್ರಿ? ಆಯ್ತು, ಬ್ಯಾಡ. ಮಂಚಯ್ಯನೋರೆ ಅಂತ್ಲೇ ಅಂತೀನಿ. ಕತ್ತರಿಸಿ. ನಂಗೆ ಎಲೆ ಅಡಿಕೆ ಕೊಡ್ಬ್ಯಾಡಿ, ಆದ್ರೆ ಕತ್ತರಿಸ್ತಾ ಇರಿ, ಆ ಸದ್ದಾದ್ರೂ ಇರ್ಲಿ.

ನೀವೇ ಯೋಳಿ, ನಾನು ಯಾವತ್ತಾದ್ರೂ ಬಾಡಿಗೆ ಅಂತ ಬಾಯ್ಬುಟ್ಟು ಕೇಳಿದ್ನಾ? ನೀವಾಗೇ ತಟ್ಟೇಲಿ ವೀಳ್ಯದೆಲೆ, ಅಡಿಕೆ, ಅದ್ರ ಕೆಳಗೆ ನೋಟು ಮಡಗಿ ಕೊಟ್ರಿ. ತಾಂಬೂಲನ ಬ್ಯಾಡ ಅನ್ನಕಾಯ್ತದಾ? ತೊಂಬತ್ತೈದರಲ್ಲಿ ಮೈಸೂರಿನ ಡಾಕ್ಟ್ರೊಬ್ರ ತಾವ ಆ ಬಿಳೀ ಕಾರು ತಗೊಂಡೆ. ಮೊದ್ಲು ಊರೋರಿಗೆ ಪುಕ್ಸಟ್ಟೇನೇ ಕೊಟ್ಟೆ. ಆಸ್ಪತ್ರೆಗೆ, ಸೀಮಂತಕ್ಕೆ, ಹೆಣ್ಣು ನೋಡಕ್ಕೆ... ಡೀಸೆಲ್ ಆಕಿಸ್ಬುಡಿ ಸಾಕು ಅಂತಿದ್ದೆ. ಆಮೇಕೆ ಒಬ್ರು ಎಲೆ ಅಡಿಕೆ ಜೊತೆ ಮಡಗಿ ಕೊಟ್ರು. ತಗೊಂಡೆ. ಎರಡು ವರ್ಷ ಅಂಗೇ ನಡೀತು. ಎಲೆ ಕೆಳಗೆ ಏನದೆ ಅಂತ ಯಾರ ಮುಂದೂ ಬಿಚ್ಚಿ ನೋಡ್ದೋನಲ್ಲ ನಾನು! ಮನೆಗೋಗಿ ನೋಡ್ತಿದ್ದೆ. ಸುಳ್ಳು ಯಾಕೆ?

ಇಲ್ಲ, ಕಾರಿಂದೇನೂ ತಪ್ಪಿಲ್ಲ. ಬ್ರೇಕು, ಗೇರು ಎಲ್ಲ ಸರಿಯಾಗೇ ಇತ್ತು. ತಪ್ಪು ಆ ಹೈದಂದು. ಲೋಕೇಶಂದು. ನಮ್ಮಕ್ಕನ ಮಗನೇ ಆದ್ರೂ ಇರೋದ್ನ ಯೋಳ್ಬೇಕಲ್ಲ. ಇಪ್ಪತ್ನಾಕು ವಯಸ್ಸು, ಬಿಸಿರಕ್ತ. ಸ್ಟೇರಿಂಗು ಕೈಗೆ ಸಿಕ್ಕಿದ್ರೆ ಸಾಕು, ಹಿಂದೆ ಯಾರವ್ರೆ ಮುಂದೆ ಯಾರವ್ರೆ ನೋಡ್ತಿರ್ನಿಲ್ಲ. ಪೋಲೀಸ್ನೋರಿಗೂ ಅಂಗೇ ಬರ್ಸ್ಕೊಟ್ಟಿವ್ನಿ. ಅತಿವೇಗ, ಅಜಾಗರೂಕತೆ. ಸತ್ತೋನ ಮೇಲೆ ಬರ್ಸುದ್ರೆ ಯಾರಿಗೇನು ನೋವು? ಅವ್ನೇನು ಎದ್ದು ಬಂದು ಇಲ್ಲ ಅಂತಾನಾ?... ಯಾಕೆ ಒಳಗಡೆ ನೋಡ್ತೀರಿ? ಮಗಳು ಎದ್ಲಾ? ಸರಿ, ಮೆತ್ತಗೆ ಮಾತಾಡ್ತೀನಿ.

ನಮ್ಮಕ್ಕಂಗೆ ಗೊತ್ತಿಲ್ಲ ನಾನು ಅಂಗೆ ಬರ್ಸಿರೋದು. ಬೈರಮ್ಮ ಅಂತ. ಗಂಡ ತೀರ್ಕೊಂಡ್ಮೇಲೆ ನಮ್ಮನೇಲೇ ಇದ್ಲು, ಅವಳ್ಗೆ ಅವನೊಬ್ನೇ. ತಿಥಿ ಆದಾಗ್ಲಿಂದ ನನ್ ತಾವ ಒಂದು ಮಾತಾಡಿಲ್ಲ ಮಾರಾಯ್ತಿ. ಮುದ್ದೆ ಮಡಗಿದ್ರೆ ಅಂಗೇ ಇರ್ತದೆ. ಇವತ್ತು ಬೆಳಿಗ್ಗೇನೆ ಕರಿಘಟ್ಟಕ್ಕೆ ಓಗಿ ಬತ್ತೀನಿ ಅಂತ ನನ್ನ ಮಗಳ್ತಾವ ಯೋಳಿ ಹೊಂಟವ್ಳೆ. ಓಗ್ಲಿ, ದ್ಯಾವ್ರ ಮುಂದೆ ಅತ್ರೆ ಒಸಿ ಹಗುರಾಯ್ತದೆ ಅಂತ ಸುಮ್ಕಾದೆ. ಅವಳ್ಗೆ ಅಕ್ಷರ ಬರಾಕಿಲ್ಲ, ಪೋಲೀಸ್ ಪೇಪರ್ರು ಕೈಗೆ ಸಿಕ್ಕಿದ್ರೂ ತಿಳಿಯಾಕಿಲ್ಲ. ಅದೊಂದು ಪುಣ್ಯ ನೋಡಿ ನಂಗೆ!

ನಗ್ತೀರಾ? ನಗ್ತಾ ಇಲ್ವಾ? ನಿಮ್ಮ ಮೊಕ ನೋಡಿದ್ರೆ ಏನೂ ಗೊತ್ತಾಗಾಕಿಲ್ಲ ಕಣ್ರೀ. ಬೈದ್ಬುಡಿ ಒಂದ್ಸಲ. ನನ್ನ ಮಗಳ ಮದ್ವೆ ಮುರ್ದೆ ಅಂತ ಎಕ್ಕಡ ತಗೊಂಡು ಒಡೀರಿ. ಗಂಡಿನ ಕಡೆಯೋರು ಇನ್ನೂ ನೋಡಕ್ಕೆ ಬಂದಿಲ್ವಂತೆ? ಬತ್ತಾರೆ ಬುಡಿ. ಕಾಲು ಸರಿಯಾದ್ರೆ ಬತ್ತಾರೆ. ಕಾಲು ಸರಿಯಾಗ್ಬೇಕು ಅಂದ್ರೆ ದುಡ್ಡು ಬೇಕು, ದುಡ್ಡು ಬೇಕು ಅಂದ್ರೆ ಈ ಕಾಗದಕ್ಕೆ ಒಂದು ಸಹಿ ಬೇಕು. ‘ಹೊನ್ನಪ್ಪ ನನ್ನ ಹೆಂಡತಿಯ ತಮ್ಮನ ವರಸೆ, ಬಾಡಿಗೆ ಕೊಟ್ಟಿಲ್ಲ.’ ಎರಡೇ ಸಾಲು. ನನ್ ಆಸೆಗಲ್ಲ, ನಿಮ್ಮ ಮಗಳ ಸಲುವಾಗಿ... ಆಯ್ತು, ನನ್ನ ಗದ್ದೆ ಉಳ್ಕೊಳ್ಳೋ ಸಲುವಾಗೂ ಅನ್ಕೊಳಿ. ಎರಡೂನೂ.

ಎದ್ರಾ? ಪೆನ್ನು ನನ್ ತಾವ್ಲೇ ಅದೆ, ಒಳಗೋಗ್ಬ್ಯಾಡಿ... ಓ, ಬ್ಯಾಗಾ? ಏನದು ಪೇಪರ್ನಲ್ಲಿ ಸುತ್ತಿರೋದು? ನಂಗಾ? ನೋಡ್ಲಾ?

ಥರ್ಮಾಕೋಲು... ಕಾರಿನ ಹಿಂದಕ್ಕೆ ಕಟ್ತಾರಲ್ಲ, ಗಂಡುಹೆಣ್ಣಿನ ಎಸ್ರಿನ ಬೋರ್ಡು. ಎರಡು ಚೂರಾಗದೆ ಪಾಪ. ನಿಮ್ಮ ಹೇಮಶ್ರೀದೇ ಇರ್ಬೇಕು. ಚಮ್ಕಿ ಪೇಪರ್ರು ಅಂಟ್ಸವ್ರೆ... ‘ನಾಗೇಂದ್ರ’... ‘ಪ್ರಜ್ಞ’...

ಇದು... ಇದು ಹಳೇದು ಮಂಚಯ್ಯನೋರೆ. ಓದ್ವರ್ಸದ್ದು. ಡಿಕ್ಕೀಲಿ ಯಾವ್ದೋ ಮದ್ವೇದು ಉಳ್ಕೊಂಡಿರ್ತದೆ. ಎಸೀದೆ ಬುಟ್ಟಿರ್ತಾನೆ ಆ ಸೋಂಬೇರಿ. ಆಮೇಲೆ... ಯಾಕೆ? ನನ್ನ ಪತ್ರಿಕೆ ಯಾಕೆ ಅದ್ರ ಪಕ್ಕ ಮಡಗ್ತೀರಿ? ಬೆರಳು ಯಾಕಲ್ಲಿ, ತಾರೀಖಿನ ಮೇಲೆ?

ಇಪ್ಪತ್ತೆರಡು, ಐದು, ತೊಂಬತ್ತೇಳು.

ಇಲ್ಲೂ ಇಪ್ಪತ್ತೆರಡು, ಐದು, ತೊಂಬತ್ತೇಳು. ನಾನೇ ಅರಿಶಿಣ ಬಳ್ಕೊಂಡು ತಂದಿರೋ ಪತ್ರಿಕೇಲೂ.

...ಒಂದೇ ಲಗ್ನ ಕಣ್ರೀ. ಆ ದಿನ ಎಲ್ಲ ಕಡೆಗೂ ಮದ್ವೆ. ನಾಗಮಂಗಲದಲ್ಲಿ ಅನಂತರಾಮು ಅಂತ ಮೇಷ್ಟ್ರು, ಅವ್ರ ಮಗನ ಮದ್ವೆ. ಅವ್ರ ತಾವೂ ತಾಂಬೂಲ ಇಸ್ಕೊಂಡ್ಬುಟ್ಟಿದ್ದೆ. ಆಷಾಢ ಬಂದ್ರೆ ಕಾರು ಡೈರಿ ಮುಂದೆ ಸುಮ್ನೆ ನಿಂತಿರ್ತದೆ, ಕೋಳಿ ಬಂದು ಕೂರ್ತವೆ ಅದ್ರ ಮೇಲೆ. ಲಗ್ನ ಇರೋವಾಗ್ಲೇ ಓಡ್ಲಿ ಅಂತ... ಯಾರಿಗೂ ಇಲ್ಲ ಅನ್ನಕ್ಕೆ ಬಾಯಿ ಬರ್ನಿಲ್ಲ ನಂಗೆ. ಈ ಬೋರ್ಡು ನಾನೇ ಮಾಡ್ಸಿ ಡಿಕ್ಕೀಲಿ ಮಡಗಿದ್ದೆ. ನಿಮ್ಮ ಹುಡುಗೀನ ಇಳ್ಸಿದ ಕೂಡ್ಲೆ ಅವಳ ಎಸ್ರು ಕಿತ್ತು ಇದ್ನ ಕಟ್ಕೊಂಡು ಓಡು ಅಂದಿದ್ದೆ.

ಅವ್ನು ಬ್ಯಾಡ ಅಂದ. ಕೇಳಿ, ಅವ್ನು ಬ್ಯಾಡ ಅಂದ! ‘ಮಾವ, ಎರಡೂ ಆಗಾಕಿಲ್ಲ, ಒಂದ್ನ ಬುಟ್ಬುಡು. ಬ್ರೇಕೂ ಒಸಿ ಕೆಳಕ್ಕೆ ಓಯ್ತಾ ಅದೆ, ತೋರ್ಸ್ಬೇಕು.’ ನಾನೇನಂದೆ ಗೊತ್ತಾ? ‘ಲೇ, ಎಲೆ ಅಡಿಕೆ ಇಸ್ಕೊಂಡ್ಮೇಲೆ ಬ್ಯಾಡ ಅನ್ನಕಾಯ್ತದೇನ್ಲಾ? ಆಷಾಢದಲ್ಲಿ ತೋರ್ಸನ. ಐದು ಗಂಟೆಗೆ ಇವ್ರನ್ನ ಪಾಂಡವಪುರದಲ್ಲಿ ಇಳ್ಸು, ಏಳಕ್ಕೆ ನಾಗಮಂಗಲದಲ್ಲಿರು. ಜೋರಾಗಿ ಓಡ್ಸು. ಇವ್ರಿಗೆ ಯೋಳ್ಬ್ಯಾಡ.’ ಅಡಿಕೆಗೆ ಓದ ಮಾನ ಆನೆ ಕೊಟ್ರೂ ಬರಾಕಿಲ್ಲ ಅಂತಾರೆ... ಅಡಿಕೆ ಜೊತೆ ಹೈದನ್ನೂ ಕಳ್ಕೊಂಡೆ ನಾನು. ನಿಮ್ಮನೇಲಿ ಹುಡುಗೀಗೆ ಹೂವು ಮುಡ್ಸಿ ಹೊಂಡ್ಸೋ ಹೊತ್ಗೆ ಐದು ಗಂಟೆ ಇಲ್ಲೇ ಆಗೋಗಿತ್ತಂತೆ. ಅವ್ನು ಗಡಿಯಾರ ನೋಡ್ಕೊಂಡು ಜಗಲಿ ತಾವ ನಿಂತಿದ್ದ ಅಂತ ನೀವೇ ಪೋಲೀಸ್ನೋರ ಮುಂದೆ ಅಂದ್ರಲ್ಲ. ತುಟಿ ಬಿಚ್ನಿಲ್ಲ ನೋಡಿ. ಮಾವ ಯೋಳ್ಬ್ಯಾಡ ಅಂದವ್ನೆ ಅಂತ.

ಅವ್ನು ಯಾವತ್ತೂ ಜೋರಾಗಿ ಓಡ್ಸ್ದೋನೇ ಅಲ್ಲ ಮಂಚಯ್ಯನೋರೆ. ದಾರೀಲಿ ಮೇಕೆ ಮಲಗಿದ್ರೂ ಇಳ್ದು ಎಬ್ಬಿಸಿ ಓಗೋನು. ಎತ್ತಿನಗಾಡಿಯೋರು ಬೈಯೋರು, ನಮ್ಗಿಂತ ನಿಧಾನ ಓಗ್ತೀಯಲ್ಲೋ ಅಂತ. ಅಂತೋನ ಮೇಲೆ ಅತಿವೇಗ ಅಂತ ಬರ್ಸ್ದೆ. ಅವ್ನ ಹೆಣದ ಪಕ್ಕದಲ್ಲೇ ನಿಂತ್ಕೊಂಡು ಬರ್ಸ್ದೆ. ಕಂಡೋರ ಮಗಳಿಗೆ ಸೋದರಮಾವ ಅಂತ ಅಚ್ಚು ಆಕಿಸ್ಕೊಂಡು ಬಂದಿವ್ನಿ ನೋಡಿ... ಅವ್ನಿಗೆ ನಿಜವಾದ ಸೋದರಮಾವ ನಾನು. ನಾನೊಬ್ನೇ.

ಇದು ನಿಮ್ಗೆಲ್ಲಿ ಸಿಕ್ತು? ಪೋಲೀಸ್ನೋರು ಕಾರಲ್ಲಿದ್ದಿದ್ದ್ನೆಲ್ಲ ಅವ್ನ ಬಟ್ಟೆ ಜೊತೆ ಗಂಟು ಕಟ್ಟಿ ನಮ್ಮನೆಗೆ ಕೊಟ್ಟಿದ್ರು. ಅಕ್ಕ ಅದನ್ನ ತಲೆದೆಸೆಗೆ ಮಡಿಕ್ಕೊಂಡು ಮಲೀಕ್ಕೋತಿದ್ಲು, ಬಿಚ್ಚಕ್ಕೆ ಬುಡ್ನಿಲ್ಲ ನಂಗೆ. ಅದ್ರೊಳಗಿಂದು ನಿಮ್ತಾವ ಎಂಗೆ...

ಆ ಬ್ಯಾಗು ಒಸಿ ಇತ್ಲಾಗೆ ತಿರುಗ್ಸಿ. ಹಿಡಿ ತೋರ್ಸಿ... ಕೆಂಪು ವೈರು ಸುತ್ತದೆ. ಕಿತ್ತೋಗಿತ್ತು ಅಂತ ಕಾರಿಂದ ಹಳೇ ವೈರು ತಂದು ಲೋಕೇಶನೇ ಸುತ್ಕೊಟ್ಟಿದ್ದು. ‘ನೀನು ಸತ್ರೂ ಇದು ಕಿತ್ತೋಗಾಕಿಲ್ಲ ಕಣವ್ವ’ ಅಂದಿದ್ದ.

ಅವ್ಳೇ ತಂದ್ಕೊಟ್ಲಾ? ಕರಿಘಟ್ಟಕ್ಕೆ ಅಂದಿದ್ಲಲ್ಲ... ಇಲ್ಗೆ ಬಂದ್ಲಾ? ಅಯ್ಯೋ, ಅವಳ್ಗೆ ಓದಕ್ಕೆ ಬರಾಕಿಲ್ಲ! ನಿಮ್ಮ ಮಗಳ ಎಸ್ರು ಅಂದ್ಕೊಂಡಿರ್ತಾಳೆ. ಮದ್ವೆ ಹೆಣ್ಣಿನ ವಸ್ತು, ನಮ್ಮನೇಲಿ ಇರ್ಬಾರ್ದು, ಕೊಟ್ಬುಟ್ಟು ನನ್ನ ಮಗಂದು ತಪ್ಪಾಯ್ತು ಅಂತ ಕಾಲಿಗೆ ಬಿದ್ದು ಬತ್ತೀನಿ ಅಂತ... ಅಂಗೇ ಅಂದ್ಲಾ? ಅವ್ನದು ತಪ್ಪಾಯ್ತು ಅಂತ ಅಂದ್ಲಾ?

ಯಾವಾಗ ಬಂದ್ಲು? ಓದ್ಲು ತಾನೇ ತಿರುಗ ಬಸ್ಸಿಗೆ? ಬ್ಯಾಗು ಮರ್ತು ಓದ್ಲಾ? ಮರೆಯೋಳಲ್ಲ ಅವಳು ಈ ಬ್ಯಾಗ್ನ...

ಬಾಗ್ಲು ಅರ್ಧ ತೆಗ್ದೇ ಅದೆ. ಆವಾಗಿಂದ ತೆಗ್ದಿತ್ತಾ? ಹುಡುಗಿಗೆ ಗಂಜಿ ಕುಡಿಸ್ತಾ ಇರೋದು ಯಾರು ಒಳಗೆ? ದೊಡ್ಡತಾಯಮ್ಮೋರು ತಾನೇ? ಮಂಚಯ್ಯನೋರೆ, ಸಹಿ ಬ್ಯಾಡ. ಗದ್ದೆ ಬರ್ಕೊಡ್ತೀನಿ, ನನ್ನ ಅರ್ಧ ಪೂರ್ತಿ ಬರ್ಕೊಡ್ತೀನಿ, ಬಾಡಿಗೆ ಅಂತ್ಲೇ ಯೋಳಿ ಆ ಇನ್ಸೂರೆನ್ಸ್‌ನೋನ ತಾವ. ನಂಗೆ ಒಂದೇ ಮಾತು ಬೇಕು. ನಮ್ಮಕ್ಕ ಒಳಗವ್ಳಾ ಅಂದ್ರೆ ಇಲ್ಲ ಅನ್ಬುಡಿ. ಒಂದ್ಸಲ... ಇಲ್ಲ ಅನ್ನಿ...

ಅಕ್ಕಯ್ಯಾ?