ಬಲಗಡೆ ಗಾಜು

ಇಲ್ಲ ಕೋಚ್, ನಾನು ಸೇವೆಗೀವೆ ಮಾಡಕ್ಕೆ ಬಂದಿಲ್ಲ. ಡೋನಟ್ ಕೊಡ್ತಾರೆ ಅಂದ್ರು, ಬಂದೆ. ಅಷ್ಟೇ. ಯಾಕೆ ಹಂಗ್ ನೋಡ್ತೀರ? ಕಾಲೇಜ್ ಬಿಟ್ಟೋರಿಗೂ ಹಸಿವಾಗುತ್ತೆ.

ಕೊಡಿ ಆ ಬಟ್ಟೆ. ನೀವು ತೊಳೀರಿ, ನಾನು ಒರೆಸ್ತೀನಿ. ಶನಿವಾರ ಬೆಳಿಗ್ಗೆ, ಚರ್ಚ್ ನೆಲಮಾಳಿಗೇಲಿ, ಊರೋರು ದಾನಕ್ಕೆ ಬಿಟ್ಟ ಹಳೇ ಕನ್ನಡಕ ತೊಳೀತಾ... ನಮ್ಮ ವಾಲ್‌ಬರ್ಗ್ ಊರಿನ ಗುಡ್ ನೇಬರ್ಸ್ ಕ್ಲಬ್ಬಿಂದ ಜಗತ್ತು ಉದ್ಧಾರ ಆಗ್ಹೋಯ್ತು ಬಿಡಿ.

ನಗಬೇಡಿ. ಕ್ಲಬ್ ಊಟಕ್ಕೆ ಮುಂಚೆ ಗಂಟೆ ಹೊಡೆದು ಹಾಡ್ತೀರಲ್ಲ, ಒಬ್ಬರಿಗಾದ್ರೂ ರಾಗ ಬರುತ್ತಾ? ಹೆದ್ದಾರಿ ಪಕ್ಕ ಬಿಯರ್ ಡಬ್ಬಿ ಆರಿಸ್ತೀರ, ಅದಕ್ಕೆ ಎರಡಾಳೆತ್ತರದ ಬೋರ್ಡು. ಆ ಡಬ್ಬಿ ಎಸೆಯೋರು ಯಾರು? ನಿಮ್ಮ ಮೆಂಬರುಗಳ ಮಕ್ಕಳೇ. ಅರ್ಧ ನಂದೇ. ಪಾರ್ಕಲ್ಲಿ ಬೆಂಚ್ ಹಾಕ್ಸಿದ್ರಿ, ಒರಗಿ ಕೂತು ಎದ್ರೆ ಕ್ಲಬ್ ಹೆಸರು ಬೆನ್ನ ಮೇಲೆ ಅಚ್ಚು.

ಆಮೇಲೆ ವರ್ಷಾವರ್ಷ ಇಲ್ಲೇ ಆ ಪ್ಯಾನ್‌ಕೇಕ್ ತಿಂಡಿ. ಹಿಟ್ಟು ಕಲೆಸಿ, ಮಗುಚಿ ಹಾಕೋಳು ನಮ್ಮಮ್ಮ. ಪೇಪರಲ್ಲಿ ಫೋಟೋ ಅಪ್ಪಂದು. ಅಧ್ಯಕ್ಷರಲ್ವ. ಅವಳು ಹಿಟ್ಟಿನ ಕೈಯಲ್ಲೇ ಕನ್ನಡಕ ಮೇಲಕ್ಕೆ ತಳ್ಕೊಂಡು... ಹೋಗ್ಲಿ ಬಿಡಿ.

ಅಧ್ಯಕ್ಷರ ವಿಷಯ ಕೇಳಿ. ಅಮ್ಮನ್ನ ಮಣ್ಣು ಮಾಡಿ ಬಂದ ಮಾರನೇ ದಿನವೇ ಅವಳ ಕೋಟೆಲ್ಲ ಒಂದು ಪೆಟ್ಟಿಗೆಗೆ, ಬೂಟೆಲ್ಲ ಇನ್ನೊಂದಕ್ಕೆ. ಕನ್ನಡಕ? ಕಿರಾಣಿ ಅಂಗಡಿ ಬಾಗಿಲಲ್ಲಿ ನೀವಿಟ್ಟಿರೋ ಹಳದಿ ಡಬ್ಬಕ್ಕೆ. "ಯಾರಿಗಾದ್ರೂ ಉಪಯೋಗ ಆಗುತ್ತೆ ಕಣೋ" ಅಂದ. ಈ ಊರೋರೇ ಹಿಂಗೆ. ಅಳೋ ಬದಲು ದಾನ ಮಾಡ್ತಾರೆ.

ನಂಗೇನು ಬೇಜಾರಿಲ್ಲಪ್ಪ. ಅದನ್ನಿಟ್ಕೊಂಡು ನಾನೇನ್ ಮಾಡ್ಲಿ?

ಮಧ್ಯಾಹ್ನ ಲಾರಿ ಬರುತ್ತಂತಲ್ಲ, ಎಲ್ಲಾ ಇವತ್ತೇ ಹೋಗ್ಬಿಡುತ್ತಾ? ಸುಮ್ನೆ ಕೇಳ್ದೆ. ಕಿರಾಣಿ ಅಂಗಡಿ ಡಬ್ಬದ್ದು ಯಾವುದು, ಇದಾ? ಇತ್ತ ಕೊಡಿ, ಇದನ್ನ ನಾನೇ ಪೂರ್ತಿ ಮಾಡ್ತೀನಿ... ಹುಡುಕ್ತಿಲ್ಲ ಕೋಚ್. ಒರೆಸ್ತಿದೀನಿ. ಒರೆಸೋಕೆ ತಳದಿಂದ ತೆಗೀಬಾರ್ದು ಅಂತ ರೂಲ್ಸ್ ಇದೆಯಾ?

ಇದಲ್ಲ... ಇದೂ ಅಲ್ಲ.

ಏನಿಲ್ಲ, ಹಾಡ್ಕೋತಿದ್ದೆ.

ಆ ಮಿಷನ್ನಲ್ಲಿ ಎರಡೂ ಕಡೆ ಪವರ್ ನೋಡಿ, ಅಷ್ಟೇ ಪವರ್ ಬೇಕಾದೋರಿಗೆ ಕಳಿಸ್ತೀರ, ಅಲ್ವಾ? ಮಾತಿಗೆ ಹೇಳ್ತೀನಿ, ಒಂದು ಕನ್ನಡಕ ಇದೆ ಅಂದ್ಕೊಳ್ಳಿ. ಎಡಗಡೆ ಸೋಡಾ ಬಾಟ್ಲಿ ತಳದಷ್ಟು ದಪ್ಪ. ಬಲಗಡೆ ಬರೀ ಗಾಜು, ಆ ಕಣ್ಣು ಕಾಣೋದೇ ಇಲ್ಲ. ಅಂಥದ್ದು ಯಾರಿಗ್ರೀ ಹೊಂದುತ್ತೆ? ಯಾರಿಗೂ ಇಲ್ಲ. ಗುಜರಿ ಡ್ರಮ್ಮಿಗೆ ಎಸೀತೀರ. ಉಪಯೋಗ ಆಗುತ್ತಂತೆ, ಉಪಯೋಗ. ಅಧ್ಯಕ್ಷರಿಗೆ ಅಷ್ಟೂ ಗೊತ್ತಾಗ್ಲಿಲ್ಲ...

ಯಾಕೆ ನಲ್ಲಿ ನಿಲ್ಲಿಸಿದ್ರಿ?

ಮಾತಾಡಿ ಕೋಚ್. ಬ್ಯಾಸ್ಕೆಟ್‌ಬಾಲ್ ಆಡಿಸೋವಾಗ ಸೂರು ಹಾರ್ಹೋಗೋ ಥರ ಕಿರುಚ್ತಿದ್ರಿ, ಈಗೇನಾಯ್ತು? ಡ್ರಮ್ಮಿಗೆ ಹಾಕಿದೀರ ತಾನೆ? ಹಾಕಿದ್ರೆ ಹಾಕಿದೀನಿ ಅನ್ನಿ. ನಾನೇನ್ ಅತ್ಕೊಂಡ್ ಕೂರಲ್ಲ. ಡೋನಟ್ ತಿಂದು ಹೋಗ್ತೀನಿ...

ಎಲ್ಲಿಗೆ ಹೊರಟ್ರಿ? ಆ ಖಾನೆ ಯಾಕೆ? ಅಲ್ಲಿರೋದು ಪ್ಯಾನ್‌ಕೇಕ್ ಮಗುಚೋ ಸಟ್ಟುಗ. ಅದು ಅಮ್ಮನ ಖಾನೆ, ಅದನ್ನ್ಯಾರೂ...

ಓ.

ಯಾವಾಗಿಂದ ಇದೆ ಇದು ಇಲ್ಲಿ? ಅಂದ್ರೆ ನಾನು ಬಾಗಿಲಲ್ಲಿ ಕಾಲಿಟ್ಟಾಗ್ಲೇ ನಿಮಗೆ... ಡೋನಟ್ ಅಂತ ನಾನು ಬೊಗಳ್ತಿದ್ರೂ ಸುಮ್ನೆ ಕೇಳಿಸ್ಕೊಂಡ್ರಾ?

ನೋಡಿಲ್ಲಿ. ಬಲಗಡೆ ಗಾಜಲ್ಲಿ ಹೆಬ್ಬೆರಳಚ್ಚು. ಹಿಟ್ಟಿಂದು, ಒಣಗಿದೆ. ಕಾಣದ ಕಡೆ ಅವಳು ಯಾವತ್ತೂ ಒರೆಸ್ತಿರಲಿಲ್ಲ.

ಊರೋರದ್ದೆಲ್ಲ ತಿಕ್ಕಿ ತೊಳೀತೀರ ಕೋಚ್. ಇದನ್ನ ಮಾತ್ರ ಯಾಕೆ ತೊಳೀಲಿಲ್ಲ?

ಈ ಬಟ್ಟೆ ತಗೊಳ್ಳಿ ನನ್ನ ಕೈಯಿಂದ. ಒರೆಸ್ಬಿಡ್ತೀನಿ.